ಸ್ವಂತ ಸೂರಿನ ವಿದ್ಯೆ: ದಿಮ್ಮಿ ಮನೆಯಿಂದ ವರ್ತಕರು ಕಲಿಯಬೇಕಾದ ಪಾಠ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯ ಅರ್ಥವನ್ನು ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇವೆರಡರ ಖರ್ಚೂ ಮೊದಲ ಅಂದಾಜಿನಲ್ಲಿ ನಿಲ್ಲುವುದಿಲ್ಲ. ಸಣ್ಣ ವ್ಯಾಪಾರಿ ಅಥವಾ ಕಿರು ಕೈಗಾರಿಕೆಯ ಮಾಲೀಕ ಮನೆ ಕಟ್ಟಲು ಹೊರಟಾಗ ಈ ಖರ್ಚಿನ ಭಾರ ಕುಟುಂಬದ ಮೇಲೆ ಮಾತ್ರವಲ್ಲದೆ ಅಂಗಡಿ ಅಥವಾ ಕಾರ್ಖಾನೆಯ ಮೇಲೂ ಬೀಳುತ್ತದೆ. ಕಚ್ಚಾ ಮಾಲಿಗೆಂದು ಇರಿಸಿದ ಹಣ ಕಬ್ಬಿಣ ಮತ್ತು ಸಿಮೆಂಟಿಗೆ ಹೋಗುತ್ತದೆ. ಪೂರೈಕೆದಾರರಿಗೆ ಪಾವತಿ ತಡವಾಗುತ್ತದೆ. ವರ್ಷಗಟ್ಟಲೆ ಕಾಪಾಡಿಕೊಂಡು ಬಂದ ವ್ಯವಹಾರದ ನಂಬಿಕೆಗೆ ಧಕ್ಕೆ ಒದಗುತ್ತದೆ. ಹೀಗಾಗಿ ಕಡಿಮೆ ಖರ್ಚಿನಲ್ಲಿ ಭದ್ರವಾದ ಮನೆ ಕಟ್ಟುವ ವಿದ್ಯೆಯು ಇಂಜಿನಿಯರುಗಳಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಭಾವಿಸುವುದು ಸರಿಯಲ್ಲ. ಅದು ದುಡಿಮೆ ಬಂಡವಾಳದ ರಕ್ಷಣೆಗೂ ಸಂಬಂಧಿಸಿದ ವಿಷಯವಾಗಿದೆ.

ಈ ದೃಷ್ಟಿಯಿಂದ ಉತ್ತರ ಅಮೆರಿಕದ ಒಂದು ಪರಂಪರೆಯನ್ನು ಪರಿಶೀಲಿಸುವುದು ಉಪಯುಕ್ತ. ಅಲ್ಲಿ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಲಾಗಿ ಜೋಡಿಸಿ ಮನೆ ಕಟ್ಟುವ ಪದ್ಧತಿ ಇದೆ. ಗುತ್ತಿಗೆದಾರರ ನೆರವಿಲ್ಲದೆ, ಕೆಲಸವನ್ನು ಸ್ವತಃ ಕಲಿತು ತಮ್ಮ ಮನೆಯನ್ನು ತಾವೇ ಎತ್ತಿ ನಿಲ್ಲಿಸಿದ ಸಾಮಾನ್ಯ ಕುಟುಂಬಗಳು ಅಲ್ಲಿ ಹಲವು. ಆ ಮನೆಗಳು ಹೇಗೆ ಅಗ್ಗವಾದವು, ಆ ವಿದ್ಯೆ ಹೇಗೆ ಉಳಿದುಕೊಂಡಿತು, ಅದರಿಂದ ಯಾವ ವ್ಯಾಪಾರ ಬೆಳೆಯಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡರೆ ರಾಜ್ಯದ ವರ್ತಕರಿಗೂ ಸಣ್ಣ ತಯಾರಕರಿಗೂ ದಾರಿ ಕಾಣುತ್ತದೆ.

ಪರಂಪರೆಯ ಹಿನ್ನೆಲೆ

ದಿಮ್ಮಿ ಮನೆಯ ಮೂಲ ಅಮೆರಿಕವಲ್ಲ. ಅದು ಉತ್ತರ ಯುರೋಪಿನ ಸೂಚಿಪರ್ಣ ಕಾಡುಗಳ ನಡುವೆ ಬೆಳೆದ ವಿದ್ಯೆ. 1638ರಲ್ಲಿ ಡೆಲವೇರ್ ನದಿಯ ದಂಡೆಯಲ್ಲಿ ‘ನ್ಯೂ ಸ್ವೀಡನ್’ ವಸಾಹತನ್ನು ಸ್ಥಾಪಿಸಿದ ಸ್ವೀಡನ್ ಹಾಗೂ ಫಿನ್‌ಲೆಂಡಿನ ಜನರು ಅದನ್ನು ಅಟ್ಲಾಂಟಿಕ್ ಸಾಗರದ ಆಚೆಗೆ ಒಯ್ದರು. ಮುಂದೆ ಪಶ್ಚಿಮದತ್ತ ಸಾಗಿದ ವಲಸೆಗಾರರಿಗೆ ಅದು ಒದಗಿಬಂದಿತು. 1862ರ ಹೋಮ್‌ಸ್ಟೆಡ್ ಕಾಯಿದೆಯು 160 ಎಕರೆ ಭೂಮಿಯನ್ನು ಪಡೆಯಬಯಸುವವನು ಅಲ್ಲಿ ಐದು ವರ್ಷ ವಾಸವಿದ್ದು ಸಾಗುವಳಿ ಮಾಡಬೇಕೆಂದು ವಿಧಿಸಿತು. ವಾಸಕ್ಕೆ ಮನೆ ಬೇಕು, ಕೈಯಲ್ಲಿ ಹಣವಿಲ್ಲ, ಸಾಗುವಳಿಗಾಗಿ ಕಡಿಯಲೇಬೇಕಾದ ಮರಗಳು ಕಣ್ಣೆದುರಿಗೇ ಇದ್ದವು. ಕಾಡು ದಟ್ಟವಾಗಿದ್ದ ಪ್ರದೇಶಗಳಲ್ಲಿ ಈ ಲೆಕ್ಕಾಚಾರಕ್ಕೆ ದಿಮ್ಮಿ ಮನೆಯೇ ಸಹಜವಾದ ಉತ್ತರವಾಯಿತು. ಮರವೇ ಇಲ್ಲದ ಬಯಲು ಪ್ರದೇಶಗಳಲ್ಲಿ ಅದೇ ಜನರು ಹುಲ್ಲುಬೇರುಗಳಿಂದ ಬಿಗಿಗೊಂಡ ಮಣ್ಣಿನ ಹೆಂಟೆಗಳನ್ನು ಇಟ್ಟಿಗೆಯಂತೆ ಕತ್ತರಿಸಿ ಮನೆ ಕಟ್ಟಿಕೊಂಡರು. ಕಾಲಡಿಯಲ್ಲಿ ಏನು ದೊರೆಯುವುದೋ ಅದರಿಂದಲೇ ಮನೆ ಎಂಬುದು ಅವರ ನಿಯಮವಾಗಿತ್ತು. ಅಧ್ಯಕ್ಷ ಅಬ್ರಹಾಂ ಲಿಂಕನ್ 1809ರಲ್ಲಿ ಕೆಂಟಕಿಯಲ್ಲಿ ಜನಿಸಿದ್ದು ಇಂತಹದೇ ಒಂದು ದಿಮ್ಮಿ ಮನೆಯಲ್ಲಿ.

ಇಪ್ಪತ್ತನೆಯ ಶತಮಾನದಲ್ಲಿ ಯಂತ್ರದಲ್ಲಿ ಸೀಳಿದ ಹಲಗೆ ಮತ್ತು ಮೊಳೆಗಳ ಮನೆ ಎಲ್ಲೆಡೆ ಹಬ್ಬಿದಾಗ ಈ ವಿದ್ಯೆ ಅಳಿವಿನ ಅಂಚಿಗೆ ಬಂದಿತು. ಅದನ್ನು ಉಳಿಸಿದ ಶ್ರೇಯಸ್ಸು ಬಹುಮಟ್ಟಿಗೆ ಕಲಿಸುವವರಿಗೆ ಸಲ್ಲುತ್ತದೆ. 1966ರಲ್ಲಿ ಜಾರ್ಜಿಯಾ ರಾಜ್ಯದ ರೇಬನ್ ಕೌಂಟಿಯಲ್ಲಿ ಶಾಲಾ ವಿದ್ಯಾರ್ಥಿಗಳು ‘ಫಾಕ್ಸ್‌ಫೈರ್’ ಎಂಬ ಪತ್ರಿಕೆಯನ್ನು ಆರಂಭಿಸಿ ಹಳ್ಳಿಯ ಹಿರಿಯರಿಂದ ಹಳೆಯ ಕಸುಬುಗಳನ್ನು ಕೇಳಿ ದಾಖಲಿಸಿದರು. 1972ರಲ್ಲಿ ಅದು ಪುಸ್ತಕರೂಪ ಪಡೆದಾಗ ದಿಮ್ಮಿ ಮನೆ ಕಟ್ಟುವ ವಿಧಾನವೂ ಅದರಲ್ಲಿ ಸೇರಿತ್ತು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಬಿ. ಅಲನ್ ಮ್ಯಾಕಿ ಅವರು 1971ರಲ್ಲಿ ‘ಬಿಲ್ಡಿಂಗ್ ವಿತ್ ಲಾಗ್ಸ್’ ಎಂಬ ಕೈಪಿಡಿಯನ್ನು ಪ್ರಕಟಿಸಿ, ದಿಮ್ಮಿ ಕಟ್ಟಡದ ಶಾಲೆಯನ್ನೂ ನಡೆಸಿದರು. ಇಂತಹ ಕೈಪಿಡಿಗಳಿಂದಲೂ ಶಿಬಿರಗಳಿಂದಲೂ ಕಸುಬಿನ ಹಿನ್ನೆಲೆಯಿಲ್ಲದವರಿಗೂ ಈ ವಿದ್ಯೆಯ ಬಾಗಿಲು ತೆರೆಯಿತು.

ಕಲಿಯಬೇಕಾದುದೇನು?

ಹೊರನೋಟಕ್ಕೆ ಸರಳವಾಗಿ ಕಾಣುವ ಈ ಕೆಲಸದಲ್ಲಿ ಅರಿವಿಗೆ ಇರುವ ಬೆಲೆ ಗಮನಾರ್ಹವಾದುದು. ಮರವನ್ನು ಚಳಿಗಾಲದಲ್ಲಿ ಕಡಿಯುವುದು ಲೇಸೆಂದು ಕಸುಬಿನವರು ಹೇಳುತ್ತಾರೆ. ಆಗ ಕೀಟ ಮತ್ತು ಬೂಷ್ಟಿನ ಹಾವಳಿ ಕಡಿಮೆ. ಹಿಮದ ಮೇಲೆ ದಿಮ್ಮಿಗಳನ್ನು ಮಣ್ಣಾಗದಂತೆ ಎಳೆದು ತರಬಹುದು. ಅನಂತರ ತೊಗಟೆಯನ್ನು ಪೂರ್ಣವಾಗಿ ಸುಲಿಯಬೇಕು. ತೊಗಟೆ ಉಳಿದರೆ ಅದರಡಿಯಲ್ಲಿ ತೇವ ನಿಂತು ಹುಳು ಸೇರುತ್ತದೆ. ಸುಲಿದ ದಿಮ್ಮಿಗಳನ್ನು ನೆಲಕ್ಕೆ ತಾಗದಂತೆ ಅಡ್ಡಪಟ್ಟಿಗಳ ಮೇಲೆ ಪೇರಿಸಿ, ಗಾಳಿಯಾಡಿಸಿ ಒಣಗಿಸಬೇಕು.

ದಿಮ್ಮಿಯು ಒಣಗುವಾಗ ಉದ್ದದಲ್ಲಿ ಹೆಚ್ಚು ಕುಗ್ಗುವುದಿಲ್ಲ, ಆದರೆ ದಪ್ಪದಲ್ಲಿ ಕುಗ್ಗುತ್ತದೆ. ಹಸಿ ದಿಮ್ಮಿಗಳಿಗೆ ಮೂಲೆಯಲ್ಲಿ ಕಚ್ಚು ಕೊರೆದು ಒಂದರೊಳಗೊಂದು ಕೂರಿಸುವ ಪದ್ಧತಿಯಲ್ಲಿ ಗೋಡೆಯ ಪ್ರತಿ ಒಂದು ಅಡಿ ಎತ್ತರಕ್ಕೆ ಮುಕ್ಕಾಲು ಇಂಚಿನಷ್ಟು ಕುಸಿತವನ್ನು ಲೆಕ್ಕ ಹಿಡಿಯುವುದು ವಾಡಿಕೆ. ಅಂದರೆ 8 ಅಡಿಯ ಗೋಡೆ ಕೆಲವು ವರ್ಷಗಳಲ್ಲಿ 6 ಇಂಚಿನವರೆಗೆ ತಗ್ಗಬಹುದು. ಇದನ್ನರಿತವನು ಕಿಟಕಿ ಬಾಗಿಲುಗಳ ಮೇಲೆ ತೆರಪು ಬಿಟ್ಟು, ಕಂಬಗಳ ಬುಡದಲ್ಲಿ ಎತ್ತರ ತಗ್ಗಿಸಬಲ್ಲ ತಿರುಪುಗಳನ್ನು ಇಡುತ್ತಾನೆ. ಅರಿಯದವನ ಮನೆಯಲ್ಲಿ ಚೌಕಟ್ಟು ಬಾಗುತ್ತದೆ, ಗಾಜು ಒಡೆಯುತ್ತದೆ. ಕಚ್ಚುಗಳಿಲ್ಲದೆ ಒಂದು ದಿಮ್ಮಿಯ ತುದಿಯನ್ನು ಇನ್ನೊಂದರ ಪಕ್ಕಕ್ಕೆ ತಾಗಿಸಿ, ಉಕ್ಕಿನ ಸರಳುಗಳನ್ನು ಹೊಡೆದು ಬಿಗಿಯುವ ಇನ್ನೊಂದು ಪದ್ಧತಿಯೂ ಇದೆ. ಇದರಲ್ಲಿ ಸರಳುಗಳೇ ದಿಮ್ಮಿಗಳನ್ನು ಸ್ಥಾನದಲ್ಲಿ ಹಿಡಿದಿಡುವುದರಿಂದ ಕುಸಿತದ ತೊಡಕು ಬಹುಮಟ್ಟಿಗೆ ತಪ್ಪುತ್ತದೆ; ನುರಿತ ಬಡಗಿಯ ಕೈಚಳಕವೂ ಅಷ್ಟಾಗಿ ಬೇಕಾಗುವುದಿಲ್ಲ. ಹೊಸದಾಗಿ ಕಲಿಯುವವರಿಗೆ ಇದು ಸುಲಭವೆನಿಸಿರುವುದು ಸಹಜ.

ಉಳಿದ ನಿಯಮಗಳೂ ಹೀಗೆಯೇ ಸರಳ. ಕಲ್ಲು ಅಥವಾ ಕಾಂಕ್ರೀಟಿನ ಎತ್ತರದ ತಳಪಾಯದಿಂದ ಮೊದಲ ದಿಮ್ಮಿ ನೆಲದ ತೇವದಿಂದ ದೂರವಿರಬೇಕು. ಚಾವಣಿಯ ಅಂಚು ಗೋಡೆಯಿಂದ ಸಾಕಷ್ಟು ಹೊರಚಾಚಿ ಮಳೆ ನೀರನ್ನು ದೂರ ಚೆಲ್ಲಬೇಕು. ದಿಮ್ಮಿಗಳ ನಡುವಿನ ಸಂದುಗಳನ್ನು ಗಾರೆಯಿಂದಲೋ ಹಿಗ್ಗಿ ಕುಗ್ಗಬಲ್ಲ ಆಧುನಿಕ ಲೇಪದಿಂದಲೋ ಮುಚ್ಚಬೇಕು. ಕೀಟಬಾಧೆ ತಡೆಯಲು ಬೋರೇಟ್ ಲವಣದ ದ್ರಾವಣವನ್ನು ಹಚ್ಚುವುದುಂಟು. ಈ ಯಾವುದಕ್ಕೂ ದೊಡ್ಡ ಕಾರ್ಖಾನೆ ಬೇಕಿಲ್ಲ. ಆದರೆ ಒಂದೊಂದರ ಹಿಂದೆಯೂ ಕಾರಣವಿದೆ. ಆ ಕಾರಣಗಳನ್ನು ಕಲಿಸುವುದೇ ಶಿಬಿರಗಳ ಕೆಲಸ.

ಅಗ್ಗವಾಗುವುದು ಎಲ್ಲಿಂದ?

ಒಂದು ಅಡಿ ದಪ್ಪದ ದಿಮ್ಮಿಗಳಿಂದ 8 ಅಡಿ ಎತ್ತರದ ಗೋಡೆ ಎಬ್ಬಿಸಲು ಒಂದೊಂದು ಬದಿಗೆ ಎಂಟು ದಿಮ್ಮಿಗಳು ಸಾಕು. ನಾಲ್ಕು ಗೋಡೆಗಳಿಗೆ 32. ಇಷ್ಟು ಮರವನ್ನು ಸ್ವಂತ ಜಮೀನಿನಿಂದಲೋ ಸಮೀಪದ ಕಾಡಿನಿಂದ ಪರವಾನಗಿ ಪಡೆದೋ ತರಬಲ್ಲವನಿಗೆ ಗೋಡೆಯ ಸಾಮಗ್ರಿ ಬಹು ಅಗ್ಗ. ಹಾಗೆಂದು ಇಡೀ ಮನೆ ಅಗ್ಗವೆಂದು ತಿಳಿಯಲಾಗದು. ಗೋಡೆ ಎಂಬುದು ಮನೆಯ ಒಂದು ಭಾಗ ಮಾತ್ರ. ತಳಪಾಯ, ಚಾವಣಿ, ವಿದ್ಯುತ್ತು, ಕೊಳಾಯಿ, ಕಿಟಕಿ ಬಾಗಿಲುಗಳ ವೆಚ್ಚ ಯಾವ ಮನೆಗಾದರೂ ತಪ್ಪಿದ್ದಲ್ಲ. ನಿಜವಾದ ಉಳಿತಾಯ ಮೂರು ಕಡೆಯಿಂದ ಬರುತ್ತದೆ. ಮೊದಲನೆಯದು ಕೂಲಿ, ಎರಡನೆಯದು ಗುತ್ತಿಗೆದಾರನ ಲಾಭಾಂಶ, ಮೂರನೆಯದು ಸಾಲದ ಬಡ್ಡಿ. ಎರಡು ಮೂರು ವರ್ಷ ವಾರಾಂತ್ಯಗಳಲ್ಲಿ ದುಡಿದು, ಕೈಯಲ್ಲಿ ಹಣವಿದ್ದಷ್ಟು ಕೆಲಸ ಮುಂದುವರಿಸುವವನು ದೀರ್ಘಾವಧಿಯ ಗೃಹಸಾಲದ ಹೊರೆಯನ್ನು ಬಹಳಷ್ಟು ಇಳಿಸಿಕೊಳ್ಳುತ್ತಾನೆ. ಹಾಸಿಗೆ ಇದ್ದಷ್ಟು ಕಾಲು ಚಾಚುವ ನೀತಿಯಿದು.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಸ್ವಂತ ಕೈಯಿಂದ ಕಟ್ಟುವವನು ಸಮಯವನ್ನು ತೆರುತ್ತಾನೆ. ಭಾರವಾದ ದಿಮ್ಮಿಗಳನ್ನು ಎತ್ತುವಾಗ ಪೆಟ್ಟಾಗುವ ಅಪಾಯವನ್ನು ಎದುರಿಸುತ್ತಾನೆ. ಸ್ಥಳೀಯ ಕಟ್ಟಡ ನಿಯಮಗಳಿಗೆ ತಲೆಬಾಗಬೇಕಾಗುತ್ತದೆ. 2007ರಲ್ಲಿ ದಿಮ್ಮಿ ಕಟ್ಟಡಗಳಿಗಾಗಿಯೇ ‘ಐಸಿಸಿ 400’ ಎಂಬ ಮಾನದಂಡ ಪ್ರಕಟವಾಯಿತು. ದಿಮ್ಮಿಯ ಬಲ, ಕುಸಿತ, ಬೆಂಕಿ ಮತ್ತು ಶಾಖ ನಿರೋಧದ ವಿಷಯಗಳಲ್ಲಿ ಅಂದಾಜಿನ ಮಾತಿಗೆ ಬದಲಾಗಿ ಲಿಖಿತ ನಿಯಮ ದೊರೆಯಿತು. ಸಾಂಪ್ರದಾಯಿಕ ವಿದ್ಯೆಯೊಂದು ಮಾರುಕಟ್ಟೆಯಲ್ಲಿ ಗೌರವ ಪಡೆಯಲು ಮಾನದಂಡ ಎಷ್ಟು ಮುಖ್ಯವೆಂಬುದನ್ನು ಇದರಿಂದ ತಿಳಿಯಬಹುದು.

ವ್ಯಾಪಾರ ಕಳೆಯಿತೇ, ಬೆಳೆಯಿತೇ?

ಮನೆಯನ್ನು ತಾನೇ ಕಟ್ಟಿಕೊಳ್ಳುವವನು ವ್ಯಾಪಾರಿಗೆ ನಷ್ಟದ ಗಿರಾಕಿ ಎಂಬ ಭಾವನೆ ಸಾಮಾನ್ಯ. ಅಮೆರಿಕದ ಅನುಭವ ಇದಕ್ಕೆ ವಿರುದ್ಧವಾಗಿದೆ. ದಿಮ್ಮಿ ಮನೆಯ ಆಸಕ್ತಿ ಮರಳಿ ಬೆಳೆದಂತೆ ತೊಗಟೆ ಸುಲಿಯುವ ಕತ್ತಿ, ಕಚ್ಚು ಗುರುತಿಸುವ ಉಪಕರಣ, ಯಂತ್ರಗರಗಸ, ರಾಟೆ, ಸಂದು ತುಂಬುವ ಲೇಪ, ಮರ ಸಂರಕ್ಷಕ ದ್ರಾವಣ ಇವುಗಳಿಗೆಲ್ಲ ಬೇಡಿಕೆ ಹುಟ್ಟಿತು. ಸಣ್ಣ ಸಾಮಿಲ್‌ಗಳಿಗೆ ಕೆಲಸ ದೊರೆಯಿತು. ದಿಮ್ಮಿಗಳನ್ನು ಯಂತ್ರದಲ್ಲಿ ಒಂದೇ ಅಳತೆಗೆ ಕೊರೆದು, ಸಂಖ್ಯೆ ಗುರುತಿಸಿ, ಜೋಡಣೆಗೆ ಸಿದ್ಧವಾದ ಸರಕಾಗಿ ಮಾರುವ ಉದ್ಯಮವೂ ಬೆಳೆಯಿತು.

ಈ ಸಿದ್ಧ ಸರಕಿನ ವ್ಯಾಪಾರಕ್ಕೆ ಅಲ್ಲಿ ಹಳೆಯ ಇತಿಹಾಸವಿದೆ. ಸಿಯರ್ಸ್ ರೋಬಕ್ ಸಂಸ್ಥೆಯು 1908ರಿಂದ 1940ರವರೆಗೆ ಕ್ಯಾಟಲಾಗಿನ ಮೂಲಕ ಇಡೀ ಮನೆಗಳನ್ನೇ ಮಾರಿತು. ಅವು ದಿಮ್ಮಿ ಮನೆಗಳಾಗಿರದೆ ಹಲಗೆಯ ಮನೆಗಳಾಗಿದ್ದವು. ನಕ್ಷೆ, ಅಳತೆಗೆ ಕತ್ತರಿಸಿದ ಮರ, ಮೊಳೆ, ಬಣ್ಣ ಎಲ್ಲವೂ ರೈಲಿನಲ್ಲಿ ಬರುತ್ತಿದ್ದವು. ಜೋಡಣೆಯ ಕೈಪಿಡಿಯೂ ಜೊತೆಗಿರುತ್ತಿತ್ತು. ಸಂಸ್ಥೆ ಸಾಲವನ್ನೂ ಒದಗಿಸಿತು. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಸಾಲಗಳು ಮರುಪಾವತಿಯಾಗದೆ ಅದು ತನ್ನ ಗಿರಾಕಿಗಳ ಮನೆಗಳನ್ನೇ ವಶಕ್ಕೆ ತೆಗೆದುಕೊಳ್ಳಬೇಕಾಯಿತು. ಕೈಪಿಡಿ ಕೊಟ್ಟು ಸಾಮಗ್ರಿ ಮಾರಿದ್ದು ಜಾಣತನ. ಸಾಲ ಕೊಟ್ಟು ಮಾರಾಟ ಹೆಚ್ಚಿಸಲು ಹೋದದ್ದು ಅಪಾಯ. ಉದ್ದರಿ ವ್ಯಾಪಾರದ ಕಹಿಯನ್ನು ಬಲ್ಲ ವರ್ತಕರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ.

ಸಿದ್ಧ ಸರಕಿನ ಇನ್ನೊಂದು ತೊಡಕನ್ನೂ ಮರೆಯಬಾರದು. ಜಾಹೀರಾತಿನಲ್ಲಿ ಕಾಣುವ ಬೆಲೆ ಅನೇಕ ವೇಳೆ ಮನೆಯ ಹೊರಕವಚದ್ದು ಮಾತ್ರ. ತಳಪಾಯ, ಸಾಗಣೆ, ಒಳಗಿನ ಕೆಲಸಗಳ ವೆಚ್ಚ ಅನಂತರ ತಿಳಿದುಬರುತ್ತದೆ. ವಿದ್ಯೆ ಕಲಿತ ಗಿರಾಕಿ ಈ ಪ್ರಶ್ನೆಗಳನ್ನು ಮೊದಲೇ ಕೇಳುತ್ತಾನೆ. ಅವನೊಂದಿಗೆ ವ್ಯವಹರಿಸುವ ಪ್ರಾಮಾಣಿಕ ವ್ಯಾಪಾರಿಗೆ ಜಗಳ ತಂಟೆಗಳೂ ಕಡಿಮೆ.

ಕರ್ನಾಟಕಕ್ಕೆ ದಿಮ್ಮಿ ಮನೆ ಹೊಂದುವುದೇ?

ಮಲೆನಾಡಿನ ಪ್ರವಾಸಿ ತಂಗುದಾಣಗಳಲ್ಲಿ ಮರದ ಕುಟೀರಗಳಿಗೆ ಬೇಡಿಕೆ ಇರಬಹುದು. ಆದರೆ ವಾಸದ ಮನೆಯಾಗಿ ದಿಮ್ಮಿ ಮನೆ ರಾಜ್ಯದಲ್ಲಿ ಅಗ್ಗವಾಗುವುದಿಲ್ಲ ಎಂಬುದನ್ನು ನೇರವಾಗಿ ಹೇಳಬೇಕು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ 1976ರಿಂದ ಜಾರಿಯಲ್ಲಿದೆ. ಸಿಲ್ವರ್ ಓಕ್, ನೀಲಗಿರಿ, ಗಾಳಿಮರ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆಯಾದರೂ ಸ್ವಂತ ಜಮೀನಿನ ಇತರ ಮರ ಕಡಿಯಲು ಅನುಮತಿ ಅಗತ್ಯ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ಆದೇಶದ ನಂತರ ನಾಟಾ ವ್ಯಾಪಾರ ಮತ್ತು ಸಾಮಿಲ್‌ಗಳ ಮೇಲಿನ ನಿಗಾ ಎಷ್ಟು ಬಿಗಿಯಾಯಿತೆಂಬುದನ್ನು ಆ ವ್ಯಾಪಾರದಲ್ಲಿರುವವರು ಬಲ್ಲರು. ಗೆದ್ದಲು ಮತ್ತು ಮುಂಗಾರಿನ ತೇವ ಬೇರೆ. ಕೊಡಗಿನ ಐನ್ ಮನೆಗಳಲ್ಲಿ, ಮಲೆನಾಡಿನ ತೊಟ್ಟಿ ಮನೆಗಳಲ್ಲಿ ಮರದ ವೈಭವ ಕಂಡರೂ ಅಲ್ಲಿ ಮರವು ಕಂಬ, ತೊಲೆ, ಬಾಗಿಲುಗಳಿಗೆ ಸೇರಿದ್ದು. ಭಾರ ಹೊರುವ ಗೋಡೆ ಮಣ್ಣು ಅಥವಾ ಕಲ್ಲಿನದೇ ಆಗಿತ್ತು. ಹಿರಿಯರಿಗೆ ಹವಾಮಾನದ ಅರಿವು ಚೆನ್ನಾಗಿಯೇ ಇತ್ತು.

ಆದುದರಿಂದ ಅಮೆರಿಕದಿಂದ ತರಬೇಕಾದುದು ದಿಮ್ಮಿಯನ್ನಲ್ಲ, ಆ ವಲಸೆಗಾರರ ನಿಯಮವನ್ನು. ಕಾಲಡಿಯಲ್ಲಿ ದೊರೆಯುವ ವಸ್ತುವನ್ನು ಅರಿತು ಬಳಸು ಎಂಬ ಆ ನಿಯಮಕ್ಕೆ ಕರಾವಳಿಯಲ್ಲಿ ಮುರಕಲ್ಲು ಉತ್ತರವಾಗಿದೆ. ಒಳನಾಡಿನ ಬಹುಭಾಗದಲ್ಲಿ ಉತ್ತರ ಕೆಂಪು ಮಣ್ಣು.

ಕೈಯಳತೆಯಲ್ಲಿರುವ ವಿದ್ಯೆ

ಈ ವಿಷಯದಲ್ಲಿ ರಾಜ್ಯ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವನ್ನು ಅದರ ಒಲೆಯಿಂದಾಗಿ ಜನರು ನೆನೆಯುತ್ತಾರೆ. ಅದೇ ಕೇಂದ್ರದಲ್ಲಿ ಪ್ರೊ. ಕೆ. ಎಸ್. ಜಗದೀಶ್ ಮತ್ತು ಪ್ರೊ. ಬಿ. ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟು ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ, ಸುಡದೆಯೇ ಇಟ್ಟಿಗೆ ತಯಾರಿಸುವ ವಿಧಾನವನ್ನು ದಶಕಗಳ ಕಾಲ ಅಭ್ಯಸಿಸಿ ರೂಢಿಗೆ ತಂದರು. ಅವರಿಬ್ಬರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇಂತಹ ಇಟ್ಟಿಗೆಗೆ ತಗಲುವ ಶಕ್ತಿಯು ಸುಟ್ಟ ಇಟ್ಟಿಗೆಗೆ ತಗಲುವುದರ ಕಾಲುಭಾಗ ಮಾತ್ರ. ಇಟ್ಟಿಗೆ ಗೂಡಿಗೆ ಸೌದೆ ಮತ್ತು ಕಲ್ಲಿದ್ದಲು ಖರೀದಿಸುವವರಿಗೆ ಈ ಅಂಕಿಯ ಅರ್ಥ ತಕ್ಷಣ ತಿಳಿಯುತ್ತದೆ.

ದಿಮ್ಮಿಯಂತೆ ಮಣ್ಣಿಗೂ ಸ್ವಭಾವವಿದೆ, ಅದನ್ನು ಕಲಿಯಬೇಕು. ಮಣ್ಣಿನಲ್ಲಿ ಮರಳಿನ ಪಾಲು ಹೆಚ್ಚಾಗಿದ್ದು, ಜೇಡಿ ನೂರಕ್ಕೆ 10ರಿಂದ 15ರಷ್ಟಿದ್ದರೆ ಸಿಮೆಂಟಿನೊಡನೆ ಚೆನ್ನಾಗಿ ಬೆಸೆಯುತ್ತದೆ. ಜೇಡಿ ಹೆಚ್ಚಾದರೆ ಮರಳು ಅಥವಾ ಕಲ್ಲುಪುಡಿ ಬೆರೆಸಿ ಸರಿದೂಗಿಸಬಹುದು. ಉತ್ತರ ಕರ್ನಾಟಕದ ಎರೆ ಮಣ್ಣು ನೀರು ಕುಡಿದರೆ ಉಬ್ಬಿ, ಒಣಗಿದರೆ ಬಿರಿಯುವುದರಿಂದ ಸಿಮೆಂಟು ಮಾತ್ರ ಬೆರೆಸಿ ಇದಕ್ಕೆ ಬಳಸುವುದು ಸಲ್ಲದು. ಗಾಜಿನ ಶೀಶೆಯಲ್ಲಿ ಮಣ್ಣು ಮತ್ತು ನೀರು ಹಾಕಿ ಕುಲುಕಿ ಇಟ್ಟರೆ ಮರಳು ಮೊದಲು ತಳಕ್ಕಿಳಿಯುತ್ತದೆ, ಜೇಡಿ ಕೊನೆಯಲ್ಲಿ ನಿಲ್ಲುತ್ತದೆ. ಪದರಗಳನ್ನು ನೋಡಿ ಮೊದಲ ಅಂದಾಜು ಮಾಡಬಹುದು. ಸಾಣಿಸಿದ ಮಣ್ಣಿಗೆ ನೂರಕ್ಕೆ 6ರಿಂದ 8 ಭಾಗ ಸಿಮೆಂಟು ಬೆರೆಸಿ, ಮುಷ್ಟಿಯಲ್ಲಿ ಉಂಡೆಯಾಗುವಷ್ಟೇ ನೀರು ಚಿಮುಕಿಸಿ, ತೂಕ ಮಾಡಿ ಯಂತ್ರಕ್ಕೆ ತುಂಬಬೇಕು. ಬಳಿಕ ನೆರಳಿನಲ್ಲಿ ಪೇರಿಸಿ ಮೂರು ನಾಲ್ಕು ವಾರ ನೀರುಣಿಸಬೇಕು. ಬಹಳ ಕಡೆ ಕೆಲಸ ಕೆಡುವುದು ಈ ಕೊನೆಯ ಹಂತದ ಅಲಕ್ಷ್ಯದಿಂದ.

ಒಂದು ಲೆಕ್ಕವನ್ನು ಗಮನಿಸಬಹುದು. 230×190×100 ಮಿಲಿಮೀಟರಿನ ಇಟ್ಟಿಗೆಯಿಂದ 190 ಮಿಲಿಮೀಟರ್ ದಪ್ಪದ ಗೋಡೆ ಕಟ್ಟಿದರೆ ಒಂದು ಚದರ ಮೀಟರಿಗೆ ಸುಮಾರು 38 ಇಟ್ಟಿಗೆ ಬೇಕು. 5 ಮೀಟರ್ ಉದ್ದ, 5 ಮೀಟರ್ ಅಗಲ, 3 ಮೀಟರ್ ಎತ್ತರದ ಮನೆಯ ಹೊರಗೋಡೆಯಲ್ಲಿ ಬಾಗಿಲು ಕಿಟಕಿಗಳಿಗೆ 10 ಚದರ ಮೀಟರ್ ಕಳೆದರೆ 50 ಚದರ ಮೀಟರ್ ಉಳಿಯುತ್ತದೆ; ಅಂದರೆ ಸುಮಾರು 1,900 ಇಟ್ಟಿಗೆ. ಒಂದೊಂದು ಸುಮಾರು 8 ಕಿಲೋ ತೂಗುವುದರಿಂದ ಒಟ್ಟು 15 ಟನ್ನಿನಷ್ಟು ಮಾಲು. ಅದರಲ್ಲಿ ನೂರಕ್ಕೆ 7ರಂತೆ ಸಿಮೆಂಟು ಸುಮಾರು 1,050 ಕಿಲೋ, ಅಂದರೆ 21 ಚೀಲ. ಉಳಿದ 14 ಟನ್ ತಳಪಾಯ ತೋಡಿದಾಗ ಬಂದ ಮಣ್ಣು ಅಥವಾ ಸಮೀಪದ ಮಣ್ಣೇ ಆಗಬಹುದು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿದೆ. ಲಾರಿ ಬಾಡಿಗೆ, ಡೀಸೆಲ್ ಮತ್ತು ಗೂಡಿನ ಇಂಧನ ಈ ಲೆಕ್ಕದಿಂದ ಬಹುಪಾಲು ಹೊರಗುಳಿಯುತ್ತವೆ. ಯಂತ್ರ ಒತ್ತುವುದು, ಮಣ್ಣು ಸಾಣಿಸುವುದು, ನೀರುಣಿಸುವುದು ಮನೆಯವರೇ ಕಲಿತು ಮಾಡಬಹುದಾದ ಕೆಲಸಗಳು.

ಇದು ಪ್ರಯೋಗಾಲಯದ ಮಾತಾಗಿ ಉಳಿದಿಲ್ಲ. ಭಾರತೀಯ ಮಾನಕ ಬ್ಯೂರೋ ಇಂತಹ ಇಟ್ಟಿಗೆಗಳಿಗಾಗಿ ‘ಐಎಸ್ 1725’ ಮಾನದಂಡವನ್ನು ರೂಪಿಸಿದ್ದು, 2013ರಲ್ಲಿ ಅದನ್ನು ಪರಿಷ್ಕರಿಸಿದೆ. 1985ರಲ್ಲಿ ಕೇರಳದ ಕೊಲ್ಲಂನಲ್ಲಿ ಮೊದಲಾದ ನಿರ್ಮಿತಿ ಕೇಂದ್ರದ ಮಾದರಿ ಕರ್ನಾಟಕದ ಜಿಲ್ಲೆಗಳಲ್ಲೂ ಬೇರೂರಿದೆ. 1989ರಲ್ಲಿ ಆರಂಭವಾದ ಆರೋವಿಲ್‌ನ ಮಣ್ಣಿನ ಕಟ್ಟಡ ಸಂಸ್ಥೆ ತರಬೇತಿಗಳನ್ನು ನಡೆಸಿಕೊಂಡು ಬಂದಿದೆ.

ಬೇಡಿಕೆ ಎಲ್ಲಿದೆ?

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯು ಬಯಲು ಪ್ರದೇಶದ ಫಲಾನುಭವಿಗೆ 1,20,000 ರೂಪಾಯಿ ನೆರವು ನೀಡುತ್ತದೆ. ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. ಮನೆಯನ್ನು ಫಲಾನುಭವಿಯೇ ಕಟ್ಟಿಕೊಳ್ಳಬೇಕು, ಗುತ್ತಿಗೆದಾರನಿಗೆ ವಹಿಸಕೂಡದು ಎಂಬುದು ಆ ಯೋಜನೆಯ ನಿಯಮ. ಗ್ರಾಮೀಣ ಗಾರೆ ಕೆಲಸಗಾರರಿಗೆ ಸ್ಥಳದಲ್ಲಿಯೇ ತರಬೇತಿ ನೀಡುವ ವ್ಯವಸ್ಥೆಯೂ ಅದರಲ್ಲಿ ಸೇರಿದೆ. ರಾಜ್ಯದಲ್ಲಿ 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ವಸತಿ ಯೋಜನೆಗಳ ಹೊಣೆ ಹೊತ್ತಿದೆ. ಅಂದರೆ ಸ್ವಂತ ಕೈಯಿಂದ ಮನೆ ಕಟ್ಟುವುದು ಸಿರಿವಂತರ ಹವ್ಯಾಸವೆಂದು ತಳ್ಳಿಹಾಕುವಂತಿಲ್ಲ. ಸರ್ಕಾರದ ನೀತಿಯೇ ಅದನ್ನು ಅವಲಂಬಿಸಿದೆ. ಕೊರತೆ ಇರುವುದು ಕಲಿಕೆಯಲ್ಲಿ. ಮೇಲೆ ಹೇಳಿದ 5 ಮೀಟರ್ ಚೌಕದ ಮನೆ ಈ 25 ಚದರ ಮೀಟರಿಗೇ ಹೊಂದುತ್ತದೆ. ಅದನ್ನು ಕಟ್ಟುವ ಕುಟುಂಬಕ್ಕೆ ಸಾಮಗ್ರಿ ಮಾರುವವರು ಬಹು ಮಂದಿ. ಸಾಮಗ್ರಿಯನ್ನು ಬಳಸುವ ಬಗೆ ತೋರಿಸುವವರು ವಿರಳ.

ಆಕ್ಷೇಪಣೆಗಳು

ಈ ವಿಚಾರಕ್ಕೆ ಕೆಲವು ಆಕ್ಷೇಪಣೆಗಳು ಬರುವುದು ನಿರೀಕ್ಷಿತ. ಇಟ್ಟಿಗೆ ಗೂಡಿನವರ ಗತಿಯೇನು ಎಂಬುದು ಮೊದಲನೆಯದು. ಗೂಡಿನ ಇಂಧನ, ಕೂಲಿ, ಫಲವತ್ತಾದ ಮೇಲ್ಮಣ್ಣಿನ ಲಭ್ಯತೆ ಇವು ಆ ಉದ್ಯಮವನ್ನು ಈಗಾಗಲೇ ಒತ್ತುತ್ತಿವೆ. ಮಣ್ಣಿನ ಆಯ್ಕೆ, ಕಾರ್ಮಿಕರ ನಿರ್ವಹಣೆ, ಗಿರಾಕಿಗಳ ಸಂಪರ್ಕ ಈ ಮೂರೂ ಅವರಿಗೆ ಕರಗತ. ಹೊಸ ಯಂತ್ರ ಹಾಕಲು ಅವರಿಗಿಂತ ಅರ್ಹರಿಲ್ಲ.

ಗಾರೆ ಕೆಲಸಗಾರರ ಹೊಟ್ಟೆಗೆ ಹೊಡೆದಂತಾಗುವುದಿಲ್ಲವೇ ಎಂಬುದು ಎರಡನೆಯದು. ಮನೆಯವರು ಇಟ್ಟಿಗೆ ಒತ್ತಬಹುದು, ನೀರುಣಿಸಬಹುದು. ಆದರೆ ಗೋಡೆಯನ್ನು ತೂಗುಗುಂಡಿಗೆ ಸರಿಯಾಗಿ ಎಬ್ಬಿಸಲು, ಚಾವಣಿ ಕೂರಿಸಲು ನುರಿತ ಮೇಸ್ತ್ರಿ ಬೇಕೇ ಬೇಕು. ಕಚ್ಚಾ ಕೆಲಸದ ಹಣ ಉಳಿದರೆ ನುರಿತ ಕೆಲಸಕ್ಕೆ ತಕ್ಕ ಕೂಲಿ ಕೊಡಲು ಅನುಕೂಲವಾಗುತ್ತದೆ.

ಮೂರನೆಯ ಆಕ್ಷೇಪಣೆ ಹೆಚ್ಚು ತೂಕದ್ದು. ಮಣ್ಣಿನ ಮನೆ ಬಡವರ ಮನೆ, ಮಳೆಗೆ ಕರಗುವ ಮನೆ ಎಂಬ ಭಾವನೆ ಜನರಲ್ಲಿದೆ. ಸಿಮೆಂಟು ಕಡಿಮೆ ಹಾಕಿ, ನೀರುಣಿಸದೆ, ಅವಸರದಲ್ಲಿ ಮಾರಿದ ಕಳಪೆ ಇಟ್ಟಿಗೆಗಳು ಈ ಭಾವನೆಯನ್ನು ಪೋಷಿಸುತ್ತವೆ. ಇದಕ್ಕೆ ಪರಿಹಾರ ಪರೀಕ್ಷೆ ಮತ್ತು ಗುರುತು. ನೀರಿನಲ್ಲಿ ನೆನೆಸಿ ಒತ್ತಡದ ಬಲ ಪರೀಕ್ಷಿಸಿದ ಇಟ್ಟಿಗೆಗೆ ಲಿಖಿತ ವರದಿ ಕೊಟ್ಟು ಮಾರುವ ತಯಾರಕನಿಗೂ ಕೊಡದವನಿಗೂ ವ್ಯತ್ಯಾಸ ಗಿರಾಕಿಗೆ ಕಾಣಬೇಕು. ಕಳಪೆ ಮಾಲು ಒಳ್ಳೆಯ ಮಾಲನ್ನು ಮಾರುಕಟ್ಟೆಯಿಂದ ಓಡಿಸದಂತೆ ತಡೆಯುವ ಹೊಣೆ ತಯಾರಕರದೇ.

ವಾಣಿಜ್ಯ ಸಂಘಗಳು ಮಾಡಬಹುದಾದುದು

ಕೆಲವು ಕ್ರಮಗಳನ್ನು ಸಂಘಗಳ ಮಟ್ಟದಲ್ಲಿಯೇ ಆರಂಭಿಸಬಹುದು. ಪ್ರತಿ ಜಿಲ್ಲೆಯಲ್ಲಿ ನಿರ್ಮಿತಿ ಕೇಂದ್ರ ಹಾಗೂ ಸ್ಥಳೀಯ ಪಾಲಿಟೆಕ್ನಿಕ್‌ನ ಸಹಯೋಗದಲ್ಲಿ ಒಂದು ವಾರದ ಕೈಕೆಲಸದ ಶಿಬಿರವನ್ನು ಏರ್ಪಡಿಸುವುದು ಮೊದಲ ಕ್ರಮ. ಭಾಷಣಗಳಿಗೆ ಅರ್ಧ ದಿನ ಸಾಕು. ಉಳಿದ ದಿನಗಳಲ್ಲಿ ಶಿಬಿರಾರ್ಥಿಗಳು ಮಣ್ಣು ಪರೀಕ್ಷಿಸಿ, ಇಟ್ಟಿಗೆ ಒತ್ತಿ, ಒಂದು ಗೋಡೆಯನ್ನಾದರೂ ಎಬ್ಬಿಸಬೇಕು. ಕಟ್ಟಡ ಸಾಮಗ್ರಿ ಮಾರುವ ಸದಸ್ಯರು ಕೈಯಂತ್ರವನ್ನು ದಿನಬಾಡಿಗೆಗೆ ಕೊಡುವ ವ್ಯವಸ್ಥೆ ಮಾಡುವುದು ಎರಡನೆಯದು. ಒಂದು ಮನೆಗೆ ಕೆಲವೇ ದಿನ ಬೇಕಾಗುವ ಯಂತ್ರವನ್ನು ಯಾವ ಕುಟುಂಬವೂ ಖರೀದಿಸುವುದಿಲ್ಲ. ಆದರೆ ಬಾಡಿಗೆಗೆ ಪಡೆಯುವವನು ಸಿಮೆಂಟು, ಸರಳು, ಕೊಳಾಯಿ, ಬಾಗಿಲುಗಳಿಗೂ ಅದೇ ಅಂಗಡಿಗೆ ಬರುತ್ತಾನೆ. ಮೂರನೆಯದಾಗಿ, ಯಂತ್ರದ ಅಚ್ಚು, ಸನ್ನೆ, ಬಿಡಿಭಾಗಗಳನ್ನು ಎರಕ ಮತ್ತು ಫ್ಯಾಬ್ರಿಕೇಷನ್ ಘಟಕಗಳು ತಯಾರಿಸಿ, ದುರಸ್ತಿಯನ್ನೂ ಒದಗಿಸಬಹುದು. ಬೆಳಗಾವಿ, ಹುಬ್ಬಳ್ಳಿ, ಶಿವಮೊಗ್ಗ, ಪೀಣ್ಯದ ಘಟಕಗಳಿಗೆ ಇದು ಕಷ್ಟದ ಕೆಲಸವಲ್ಲ. ನಾಲ್ಕನೆಯದಾಗಿ, ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳೊಡನೆ ಒಪ್ಪಂದ ಮಾಡಿಕೊಂಡು ಮಣ್ಣು ಮತ್ತು ಇಟ್ಟಿಗೆಯ ಪರೀಕ್ಷೆಯನ್ನು ಸಣ್ಣ ಶುಲ್ಕಕ್ಕೆ ದೊರಕಿಸಬೇಕು.

ಉದ್ದರಿಯ ವಿಷಯದಲ್ಲಿ ಸಿಯರ್ಸ್ ಸಂಸ್ಥೆಯ ಪಾಠವನ್ನು ನೆನಪಿಟ್ಟುಕೊಳ್ಳಬೇಕು. ಮನೆ ಹಂತಹಂತವಾಗಿ ಏಳುವಂತೆ ಮಾರಾಟವೂ ಹಂತಹಂತವಾಗಿ, ನಗದಿನಲ್ಲಿ ನಡೆಯುವುದು ಇಬ್ಬರಿಗೂ ಕ್ಷೇಮ. ತಳಪಾಯಕ್ಕೆ ಬೇಕಾದುದನ್ನು ತಳಪಾಯದ ವೇಳೆಗೆ, ಚಾವಣಿಗೆ ಬೇಕಾದುದನ್ನು ಆ ವೇಳೆಗೆ ಕೊಳ್ಳುವ ಗಿರಾಕಿ ದೊಡ್ಡ ಬಿಲ್ಲಿನ ಗಿರಾಕಿಯಾಗಿರದಿದ್ದರೂ ಬಾಕಿ ಉಳಿಸುವ ಗಿರಾಕಿಯಂತೂ ಅಲ್ಲ.

ಇವೆಲ್ಲದರ ಲಾಭ ಸದಸ್ಯರ ಮನೆಬಾಗಿಲಿಗೇ ಬರುತ್ತದೆ. ಕಾರ್ಖಾನೆಯ ಕೆಲಸಗಾರನಿಗೆ ಊರಿನಲ್ಲಿಯೇ ಸ್ವಂತ ಮನೆ ಇದ್ದರೆ ಅವನು ಬಾಡಿಗೆಯ ಹೊರೆ ತಾಳದೆ ಕೆಲಸ ಬಿಟ್ಟು ಹೋಗುವುದು ಕಡಿಮೆಯಾಗುತ್ತದೆ. ಅಂಗಡಿಯವನು ತನ್ನ ಮನೆಯ ಗೋಡೆಯಲ್ಲಿ ಉಳಿಸಿದ ಹಣ ಅಂಗಡಿಯ ಕಪಾಟಿನಲ್ಲಿ ಸರಕಾಗಿ ಉಳಿಯುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಮಾತನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬಹುದು. ಮಳೆಗಾಲ ಮುಗಿದು ಕಟ್ಟಡ ಕೆಲಸ ಚುರುಕಾಗುವ ಮೊದಲು ಪ್ರತಿ ಜಿಲ್ಲಾ ಸಂಘವೂ ಒಂದು ಶಿಬಿರಕ್ಕೆ ದಿನ ಗೊತ್ತುಮಾಡಿ, ಒಂದು ಯಂತ್ರವನ್ನು ತರಿಸಿ ಆವರಣದಲ್ಲಿ ನಿಲ್ಲಿಸಿದರೆ ಕೆಲಸ ಆರಂಭವಾದಂತೆಯೇ.